ಡಿಶ್‌ವಾಷರ್‌ನಲ್ಲಿ ಶೂ ತೊಳೆದರೆ ಕೊಳೆ ಎಲ್ಲಿಗೆ ಹೋಗುತ್ತದೆ?

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆಯ ಹೊಸ ಅಡುಗೆಮನೆಗಳಲ್ಲಿ ಡಿಶ್‌ವಾಷರ್ ಕಾಣಿಸತೊಡಗಿದೆ. ಅದರ ಹಿಂದೆಯೇ ಒಂದು ಸಣ್ಣ ಜಗಳವೂ ಮನೆಗೆ ಬರುತ್ತದೆ. ಫೋನಿನಲ್ಲಿ ಯಾವುದೋ ರೀಲ್ಸ್ ನೋಡಿದ ಹುಡುಗ ಕೆಸರು ಮೆತ್ತಿದ ಸ್ಪೋರ್ಟ್ಸ್ ಶೂ ಹಿಡಿದು ಮಷಿನ್ ಮುಂದೆ ನಿಲ್ಲುತ್ತಾನೆ. ‘ಅಜ್ಜಿ, 70 ಡಿಗ್ರಿ ಬಿಸಿನೀರು ಬರ್ತೈತಿ ಇದರಾಗ, ಎಲ್ಲಾ ಕ್ರಿಮಿ ಸಾಯ್ತಾವೆ’ ಎನ್ನುತ್ತಾನೆ. ‘ಉಣ್ಣೋ ತಟ್ಟೆ ಇಡೋ ಜಾಗದಾಗ ಮೆಟ್ಟು ಇಡ್ತೀಯೇನೋ? ಆ ಹೊಲಸು ಎಲ್ಲಿಗ್ ಹೋಗ್ತೈತಿ ಹೇಳು ಮದಲ’ ಎಂದು ಅಜ್ಜಿ ಗದರುತ್ತಾರೆ.

ಹುಡುಗನ ಚಿಂತೆ ಕ್ರಿಮಿ ಸಾಯುತ್ತವೋ ಇಲ್ಲವೋ ಎಂಬುದು. ಅಜ್ಜಿಯ ಚಿಂತೆ ಕೊಳೆ ಎಲ್ಲಿಗೆ ಹೋಗುತ್ತದೆ ಎಂಬುದು. ನನ್ನ ಲೆಕ್ಕದಲ್ಲಿ ಅಜ್ಜಿಯ ಪ್ರಶ್ನೆಯೇ ಹೆಚ್ಚು ವೈಜ್ಞಾನಿಕ. ಅದಕ್ಕೆ ಉತ್ತರ ಸಿಗಬೇಕಾದರೆ ಆ ಪೆಟ್ಟಿಗೆಯೊಳಗೆ ನೀರು ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಮಷಿನ್ ಚಾಲೂ ಆದಾಗ ಒಳಗಿನಿಂದ ಸುರಿಮಳೆಯಂಥ ಸದ್ದು ಬರುತ್ತದೆ. ನಲ್ಲಿಯಿಂದ ಹೊಸ ನೀರು ಬರುತ್ತಲೇ ಇದೆ, ಕೊಳೆ ನೀರು ಹೋಗುತ್ತಲೇ ಇದೆ ಎಂದು ಬಹಳ ಮಂದಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ಹಂತಕ್ಕೆ ಮಷಿನ್ ತನ್ನ ತಳದಲ್ಲಿ ತುಂಬಿಕೊಳ್ಳುವುದು ಸುಮಾರು ಮೂರ್ನಾಲ್ಕು ಲೀಟರ್ ನೀರು ಮಾತ್ರ. ಆ ನೀರನ್ನು ಹೀಟರ್ ಕಾಯಿಸುತ್ತದೆ. ಪಂಪು ಅದನ್ನೇ ತಿರುಗುವ ಕೊಳವೆಗಳ ತೂತುಗಳಿಂದ ಮೇಲಕ್ಕೆ ಚಿಮ್ಮಿಸುತ್ತದೆ. ಪಾತ್ರೆಗೆ ಬಡಿದು ಕೆಳಗಿಳಿದ ನೀರು ಜಾಲರಿ ದಾಟಿ ತಳ ಸೇರುತ್ತದೆ, ಮತ್ತೆ ಪಂಪಿಗೆ ಹೋಗುತ್ತದೆ. ಅದೇ ನೀರು ಹೀಗೆ ನೂರಾರು ಸಲ ಸುತ್ತುತ್ತದೆ. ಆಮೇಲೆ ಅದನ್ನು ಹೊರಹಾಕಿ ಹೊಸ ನೀರು ತುಂಬಿ ಜಾಲಿಸುತ್ತದೆ. ಪೂರ್ತಿ ಒಂದು ಸರದಿಗೆ ಹತ್ತು ಹದಿನೈದು ಲೀಟರ್‌ಗಿಂತ ಹೆಚ್ಚು ನೀರು ಹೋಗದಿರುವುದು ಇದೇ ಕಾರಣಕ್ಕೆ. ಮದುವೆ ಮನೆಯಲ್ಲಿ ಒಂದೇ ಕೊಳಗದ ನೀರಿಗೆ ಎಲ್ಲರ ತಟ್ಟೆಯನ್ನೂ ಅದ್ದಿ ತೆಗೆದಂತೆ. ಒಂದು ವಸ್ತುವಿನ ಮೇಲಿದ್ದದ್ದು ಆ ಸರದಿಯಲ್ಲಿ ಇರುವ ಎಲ್ಲದರ ಮೇಲೂ ಹರಿಯುತ್ತದೆ.

ಕೊಳೆ ಅನ್ನದ ಅಗುಳು, ಸಾರು, ಬೆಣ್ಣೆದೋಸೆಯ ಜಿಡ್ಡು ಆಗಿದ್ದರೆ ಇದರಿಂದ ಯಾವ ತೊಂದರೆಯೂ ಇಲ್ಲ. ಮಷಿನ್‌ಗೆ ಹಾಕುವ ಪುಡಿ ಅಥವಾ ಮಾತ್ರೆಯನ್ನು ತಯಾರಿಸಿರುವುದೇ ಅದಕ್ಕಾಗಿ. ಅದರಲ್ಲಿರುವ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಪ್ರೋಟಿಯೇಸ್ ಎಂಬ ಕಿಣ್ವ ಹಾಲು, ಮೊಟ್ಟೆ, ಬೇಳೆಯ ಪ್ರೋಟೀನನ್ನು ತುಂಡರಿಸುತ್ತದೆ, ಅಮೈಲೇಸ್ ಅನ್ನದ ಗಂಜಿಯನ್ನು. ಸೋಡಿಯಂ ಪರ್ಕಾರ್ಬೊನೇಟ್ ಚಹಾ, ಅರಿಶಿನದ ಕಲೆ ತೆಗೆಯುತ್ತದೆ. ಇವೆಲ್ಲ ಸೇರಿ ಅನ್ನಾಹಾರದ ಕೊಳೆಯನ್ನು ನೀರಿನಲ್ಲಿ ಕರಗುವ ಸಣ್ಣ ತುಣುಕುಗಳನ್ನಾಗಿ ಮಾಡುತ್ತವೆ. ಕರಗಿದ್ದು ನೀರಿನ ಜೊತೆ ಹೊರಟುಹೋಗುತ್ತದೆ.

ಮಣ್ಣು ಕರಗುವುದಿಲ್ಲ. ಅದರಲ್ಲಿ ಕಿಣ್ವ ತುಂಡರಿಸಲು ಪ್ರೋಟೀನೂ ಇಲ್ಲ, ಪಿಷ್ಟವೂ ಇಲ್ಲ. ನಮ್ಮ ಕಡೆಯ ಮಣ್ಣಂತೂ ಇನ್ನೂ ಹಟಮಾರಿ. ದಾವಣಗೆರೆ, ಚಿತ್ರದುರ್ಗದ ಹೊಲಗಳಲ್ಲಿ ಎರಡು ತರಹದ ನೆಲ: ಕೆಂಪು ಮಣ್ಣು, ಎರೆಮಣ್ಣು. ಮಳೆ ಬಿದ್ದ ಎರೆ ಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗೆ ಗೊತ್ತು, ಚಪ್ಪಲಿಯ ತೂಕ ಎರಡು ಪಟ್ಟಾಗುತ್ತದೆ. ನೀರು ಕುಡಿದು ಊದಿಕೊಳ್ಳುವ ಜೇಡಿ ಅದರಲ್ಲಿ ತುಂಬಿರುವುದೇ ಕಾರಣ. ಜೇಡಿಯ ಕಣ ಎಂದರೆ 2 ಮೈಕ್ರಾನ್‌ಗಿಂತಲೂ ಚಿಕ್ಕದು, ಅಂದರೆ ಒಂದು ಮಿಲಿಮೀಟರ್‌ನ ಐನೂರರಲ್ಲಿ ಒಂದು ಭಾಗಕ್ಕೂ ಕಡಿಮೆ. ಡಿಶ್‌ವಾಷರ್‌ನ ಜಾಲರಿ ಅನ್ನದ ಅಗುಳು, ಕರಿಬೇವಿನ ಎಲೆ, ಸಾಸಿವೆ ಹಿಡಿಯಲು ಇರುವುದು. ಜೇಡಿ ಅದರೊಳಗಿನಿಂದ ಸರಾಗ ತೂರಿ ಪಂಪಿನೊಳಗೆ ಸುತ್ತುತ್ತದೆ, ತಟ್ಟೆ ಇದ್ದರೆ ತಟ್ಟೆಯ ಮೇಲೂ ಕೂರುತ್ತದೆ. ದಪ್ಪ ಮರಳು, ಶೂ ತಳದ ಗೀರುಗಳಲ್ಲಿ ಸಿಕ್ಕ ಕಲ್ಲು ಜಾಲರಿಯಲ್ಲೇ ಉಳಿಯುತ್ತವೆ. ಜಾಲರಿ ಸರಿಯಾಗಿ ಕೂತಿರದಿದ್ದರೆ ಪಂಪಿನ ರೆಕ್ಕೆಗೆ ಹೋಗಿ ತಾಗುತ್ತವೆ, ಚಿಮ್ಮುವ ತೂತುಗಳನ್ನು ಮುಚ್ಚುತ್ತವೆ.

ಹುಡುಗನ ‘70 ಡಿಗ್ರಿ’ ವಾದವನ್ನೂ ಹಗುರಾಗಿ ತಳ್ಳಿಹಾಕಬಾರದು. ಶಾಖ ಕ್ರಿಮಿಯನ್ನು ಕೊಲ್ಲುತ್ತದೆ, ನಿಜ. ಆದರೆ ಶಾಖದ ಲೆಕ್ಕದಲ್ಲಿ ಎಷ್ಟು ಡಿಗ್ರಿ ಎಂಬುದರ ಜೊತೆ ಎಷ್ಟು ಹೊತ್ತು ಎಂಬುದೂ ಸೇರಿರುತ್ತದೆ. ಪ್ಯಾಕೆಟ್ ಹಾಲನ್ನು ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸುತ್ತಾರೆ, ಇಲ್ಲವೆ 63 ಡಿಗ್ರಿಯಲ್ಲಿ ಅರ್ಧ ಗಂಟೆ. ಆಸ್ಪತ್ರೆಯ ಉಪಕರಣ ತೊಳೆಯುವ ಮಷಿನ್‌ಗಳಿಗೂ ಇಂಥದೇ ಒಂದು ಅಂತರರಾಷ್ಟ್ರೀಯ ಲೆಕ್ಕವಿದೆ. 80 ಡಿಗ್ರಿ ಒಂದು ನಿಮಿಷದಲ್ಲಿ ಮಾಡುವ ಕೆಲಸಕ್ಕೆ 70 ಡಿಗ್ರಿಗೆ ಹತ್ತು ನಿಮಿಷ ಬೇಕು. 65 ಡಿಗ್ರಿಗಿಂತ ಕೆಳಗೆ ಕಳೆದ ಸಮಯವನ್ನು ಆ ಲೆಕ್ಕಕ್ಕೆ ಸೇರಿಸುವುದೇ ಇಲ್ಲ.

ಈಗ ಮನೆಯ ಮಷಿನ್‌ನ ಗುಂಡಿಗಳನ್ನು ನೋಡಿ. ಇಂಟೆನ್ಸಿವ್ ಎಂದು ಬರೆದದ್ದು 70ರ ಆಸುಪಾಸಿಗೆ ಹೋಗುತ್ತದೆ. ಎಕೋ ಸುಮಾರು 50ಕ್ಕೇ ನಿಲ್ಲುತ್ತದೆ. ಕ್ವಿಕ್ ಎಂಬುದು ಅದಕ್ಕಿಂತಲೂ ತಣ್ಣಗೆ ಇರಬಹುದು. ಕರೆಂಟ್ ಬಿಲ್‌ಗೆ ಹೆದರಿ ಬಹಳ ಮನೆಗಳಲ್ಲಿ ಒತ್ತುವುದು ಎಕೋ, ನೆಂಟರು ಬಂದಾಗ ಕ್ವಿಕ್. ಎಂದರೆ ವಾದದಲ್ಲಿರುವ 70 ಡಿಗ್ರಿ ದಿನಬಳಕೆಯಲ್ಲಿ ಇರುವುದೇ ಕಡಿಮೆ. ಅಮೆರಿಕದಲ್ಲಿ ಮನೆ ಡಿಶ್‌ವಾಷರ್‌ಗಳಿಗೆ ಎನ್‌ಎಸ್‌ಎಫ್ 184 ಎಂಬ ಮಾನದಂಡವಿದೆ. ಕೊನೆಯ ಜಾಲಾಟದ ನೀರು ಕನಿಷ್ಠ 65.5 ಡಿಗ್ರಿ ಮುಟ್ಟಬೇಕು, ಬ್ಯಾಕ್ಟೀರಿಯಾ ಶೇ. 99.999ರಷ್ಟು ತಗ್ಗಬೇಕು ಎಂದು ಅದು ಕೇಳುತ್ತದೆ. ಅದೂ ಸ್ಯಾನಿಟೈಸ್ ಎಂಬ ಪ್ರತ್ಯೇಕ ಗುಂಡಿ ಒತ್ತಿದಾಗ ಮಾತ್ರ. ಉಳಿದ ಗುಂಡಿಗಳಿಗೆ ಆ ಭರವಸೆ ಇಲ್ಲ.

ಶೂ ಒಳಗೆ ಹೋದಾಗ ಇನ್ನೊಂದು ತೊಡಕು. ತಟ್ಟೆಯ ಸ್ಟೀಲು ತೆಳ್ಳಗಿದೆ, ನೀರು ಬಿಸಿಯಾದ ಕೂಡಲೇ ಅದೂ ಬಿಸಿಯಾಗುತ್ತದೆ. ಶೂ ತಳದ ಫೋಮ್ ಶಾಖವನ್ನು ತಡೆಯುವ ವಸ್ತು. ನೀರು ಚಿಮ್ಮುವುದು ಕೆಳಗಿನಿಂದ, ಬೆರಳಿರುವ ತುದಿ ಮುಚ್ಚಿದ ಗೂಡು. ಹೊರಗೆ 70 ಡಿಗ್ರಿ ಇದ್ದರೂ ಆ ಗೂಡಿನೊಳಗೆ ಎಷ್ಟು ಬಿಸಿ ಎಷ್ಟು ಹೊತ್ತು ಇತ್ತು ಎಂಬುದನ್ನು ಮಷಿನ್‌ನ ಫಲಕ ತೋರಿಸುವುದಿಲ್ಲ.

ಹಾಗಾದರೆ ಶೂ ಮೇಲೆ ಅಂಥದ್ದೇನಿರುತ್ತದೆ? ಅರಿಜೋನಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ತಜ್ಞ ಚಾರ್ಲ್ಸ್ ಗೆರ್ಬಾ 2008ರಲ್ಲಿ ಬಳಸಿದ ಶೂಗಳನ್ನು ಪರೀಕ್ಷಿಸಿದ್ದರು. ಹೊರಮೈಯಲ್ಲಿ ಸರಾಸರಿ 4,21,000 ಬ್ಯಾಕ್ಟೀರಿಯಾ ಘಟಕಗಳು ಸಿಕ್ಕವು, ಒಳಗೆ 2,887. ಶೇ. 96ರಷ್ಟು ಶೂಗಳ ಹೊರಮೈಯಲ್ಲಿ ಕೋಲಿಫಾರ್ಮ್, ಅಂದರೆ ಮಲದ ಸಂಪರ್ಕವನ್ನು ಸೂಚಿಸಬಲ್ಲ ಗುಂಪಿನ ಬ್ಯಾಕ್ಟೀರಿಯಾ ಇದ್ದವು. ಅಧ್ಯಯನಕ್ಕೆ ಹಣ ಕೊಟ್ಟದ್ದು ಒಂದು ಶೂ ಕಂಪನಿ, ತೊಳೆಯಬಲ್ಲ ಶೂ ಮಾರುವ ಉಮೇದಿನಲ್ಲಿ. ಅಂಕಿಗಳನ್ನು ಅಷ್ಟರಮಟ್ಟಿಗೆ ಜರಡಿ ಹಿಡಿದೇ ಓದಬೇಕು. ಆದರೂ ಮಂಡಿಪೇಟೆಯಿಂದ ಎಪಿಎಂಸಿ ತನಕ ಒಂದು ಸುತ್ತು ನಡೆದು ಬಂದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ದನದ ಸಗಣಿ, ಚರಂಡಿ ನೀರು, ಗುಟ್ಕಾ ಉಗುಳು, ಕೊಳೆತ ಈರುಳ್ಳಿ ಎಲ್ಲವೂ ಅಲ್ಲಿನ ನೆಲದ ಮೇಲಿವೆ.

ಇವುಗಳಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾದಂಥವು 65–70 ಡಿಗ್ರಿಯಲ್ಲಿ ಬೇಗ ಸಾಯುತ್ತವೆ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಜಾತಿಯವು ಹಾಗಲ್ಲ. ಕಷ್ಟಕಾಲ ಬಂದರೆ ಅವು ಗಟ್ಟಿ ಕವಚದ ಬೀಜಕಗಳಾಗಿ ಕೂತುಬಿಡುತ್ತವೆ. ಅವನ್ನು ಕೊಲ್ಲಲು ಪ್ರೆಶರ್ ಕುಕ್ಕರ್‌ನಂಥ 121 ಡಿಗ್ರಿ ಬೇಕು. ಡಿಶ್‌ವಾಷರ್ ಅವನ್ನು ಕೊಚ್ಚಿಕೊಂಡು ಹೋಗಬಹುದು, ಕೊಲ್ಲಲಾರದು.

ಕ್ರಿಮಿಗಿಂತ ನನಗೆ ಹೆಚ್ಚು ಆತಂಕ ತರುವುದು ಔಷಧಿ. ಭದ್ರಾ ನಾಲೆಯ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ, ಚಿತ್ರದುರ್ಗದ ಕಡೆಯ ಈರುಳ್ಳಿ, ಶೇಂಗಾ ಹೊಲಗಳಲ್ಲಿ ಔಷಧಿ ಹೊಡೆಯುವಾಗ ಹಾಕಿದ ಶೂ, ಗಮ್‌ಬೂಟುಗಳು ಊರ ಮನೆಯಲ್ಲಿ ಇದ್ದೇ ಇರುತ್ತವೆ. ಗ್ಯಾರೇಜಿನ ಆಯಿಲ್ ಮೆತ್ತಿದ ಬೂಟು, ಪೇಂಟ್ ಕೆಲಸದ ಚಪ್ಪಲಿಯೂ ಅದೇ ಸಾಲಿಗೆ ಸೇರುತ್ತವೆ. ಬ್ಯಾಕ್ಟೀರಿಯಾ ಬಿಸಿಗೆ ಸಾಯಬಹುದು, ವಿಷ ಸಾಯುವುದಿಲ್ಲ. ಇಂಥವನ್ನು ಡಿಶ್‌ವಾಷರ್‌ಗೆ ಹಾಕುವ ಮಾತೇ ಬೇಡ, ಬಟ್ಟೆಯ ವಾಷಿಂಗ್ ಮಷಿನ್‌ಗೂ ಬೇಡ. ಹಿತ್ತಿಲಲ್ಲಿ, ಕೈಗೆ ಗ್ಲೌಸ್ ಹಾಕಿಕೊಂಡು, ಬೇರೆಯೇ ಬಕೆಟ್‌ನಲ್ಲಿ ತೊಳೆಯಿರಿ.

ಶೂ ಒಂದನ್ನೇ ಹಾಕಿ ತೊಳೆದು, ತಟ್ಟೆಗಳನ್ನು ಆಮೇಲೆ ಹಾಕಿದರಾಯಿತಲ್ಲ ಎಂದು ಕೇಳಬಹುದು. ತಟ್ಟೆಗಳ ಜೊತೆಗೇ ಹಾಕುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಸರದಿ ಮುಗಿದಾಗ ಮಷಿನ್ ಪೂರ್ತಿ ಬರಿದಾಗುವುದಿಲ್ಲ. ತಳದ ಗುಂಡಿಯಲ್ಲಿ ಸ್ವಲ್ಪ ನೀರು ಯಾವಾಗಲೂ ಉಳಿಯುತ್ತದೆ, ಮುಂದಿನ ಸರದಿಯ ಮೊದಲ ನೀರಿಗೆ ಅದು ಬೆರೆಯುತ್ತದೆ. ಜಾಲರಿಯಲ್ಲಿ ಸಿಕ್ಕಿಕೊಂಡ ಮಣ್ಣು, ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಕೂತ ಜೇಡಿ ಅಲ್ಲೇ ಇರುತ್ತವೆ. ಬಾಗಿಲಿನ ಅಂಚಿಗೆ ಚಿಮ್ಮುವ ನೀರು ನೇರವಾಗಿ ತಾಗುವುದೇ ಇಲ್ಲ.

ಆ ರಬ್ಬರ್ ವಿಚಾರ ಸ್ವಲ್ಪ ಹೇಳಬೇಕು, ಶೂ ಹಾಕದ ಮನೆಗಳಿಗೂ ಅದು ಅನ್ವಯಿಸುತ್ತದೆ. ಸ್ಲೊವೇನಿಯಾದ ವಿಜ್ಞಾನಿಗಳು ಬೇರೆ ಬೇರೆ ಖಂಡಗಳ 101 ಊರುಗಳಿಂದ 189 ಡಿಶ್‌ವಾಷರ್‌ಗಳ ಬಾಗಿಲ ರಬ್ಬರ್ ಒರೆಸಿ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಶೇ. 62ರಷ್ಟು ಮಷಿನ್‌ಗಳಲ್ಲಿ ಶಿಲೀಂಧ್ರ ಇತ್ತು. ಅಂಥ ಮಷಿನ್‌ಗಳ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎಕ್ಸೊಫಿಯಾಲಾ ಎಂಬ ಕಪ್ಪು ಯೀಸ್ಟ್ ಸಿಕ್ಕಿತು. ಬಿಸಿ, ಉಪ್ಪು, ಕ್ಷಾರ ಎಲ್ಲವನ್ನೂ ತಡೆದುಕೊಂಡು ಬದುಕುವ ಜೀವಿ ಅದು. ಆರೋಗ್ಯವಂತರಿಗೆ ಅದರಿಂದ ಕಾಯಿಲೆ ಬರುವುದು ತೀರ ಅಪರೂಪ. ಶ್ವಾಸಕೋಶದ ದೀರ್ಘ ಕಾಯಿಲೆ ಇರುವವರು, ಕೀಮೋಥೆರಪಿ ಪಡೆಯುತ್ತಿರುವವರು ಇರುವ ಮನೆಯಲ್ಲಿ ಮಾತ್ರ ರಬ್ಬರ್ ಒರೆಸುವ ಕೆಲಸವನ್ನು ಉದಾಸೀನ ಮಾಡಬಾರದು. ಪಾತ್ರೆ ತೊಳೆಯುವ ಪೆಟ್ಟಿಗೆ ಎಂದ ಮಾತ್ರಕ್ಕೆ ಅದರ ಒಳಗೆಲ್ಲ ಕ್ರಿಮಿಮುಕ್ತ ಎಂದಲ್ಲ. ಬೆಚ್ಚಗೆ, ಒದ್ದೆಯಾಗಿ, ಊಟದ ಚೂರು ಸಿಗುವ ಮೂಲೆ ಯಾರಿಗೆ ಬೇಡ?

ಶೂಗೇನು ಲಾಭವಾಗುತ್ತದೆ ಎಂದು ನೋಡಿದರೆ ಅದೂ ನಷ್ಟವೇ. ಸ್ಪೋರ್ಟ್ಸ್ ಶೂ ತಳ ಅಂಟಿರುವುದು ಗೋಂದಿನಿಂದ. ಬಿಸಿ ಮತ್ತು ಕ್ಷಾರ ಸೇರಿದರೆ ಆ ಗೋಂದು ಸಡಿಲವಾಗುತ್ತದೆ. ಫೋಮ್ ಮೆತ್ತಗಾಗಿ ಆಕಾರ ಕೆಡುತ್ತದೆ, ಹವಾಯಿ ಚಪ್ಪಲಿ ಸೊಟ್ಟಗಾಗುತ್ತದೆ. ಚರ್ಮದ ಶೂ ಆದರೆ ಅದರೊಳಗಿನ ಎಣ್ಣೆಯಂಶ ಹೋಗಿ ಒಣಗಿದ ಮೇಲೆ ಬಿರುಸಾಗಿ ಸುಕ್ಕುಗಟ್ಟುತ್ತದೆ. ಮಷಿನ್ ಪುಡಿಯ ಬ್ಲೀಚ್ ಬಣ್ಣವನ್ನೂ ತೆಗೆಯುತ್ತದೆ. ಇಷ್ಟೆಲ್ಲ ಆದಮೇಲೂ ಶೂ ಒಳಗಿನ ಸ್ಪಂಜು ನೀರು ಕುಡಿದು ಕೂತಿರುತ್ತದೆ.

ಮನೆಯ ಉಳಿದ ಸಾಮಾನುಗಳ ವಿಷಯ ಇಷ್ಟು ಕಠಿಣವಲ್ಲ. ನಾನು ನೋಡುವುದು ಮುಖ್ಯವಾಗಿ ಎರಡನ್ನು: ಇದರ ಮೇಲಿನ ಕೊಳೆ ನನ್ನ ತಟ್ಟೆಯ ಮೇಲೆ ಹರಿದರೆ ಪರವಾಗಿಲ್ಲವೇ, ಮತ್ತು ಈ ವಸ್ತು ಬಿಸಿ, ಕ್ಷಾರ ತಡೆಯುತ್ತದೆಯೇ.

ಮಗು ಬಾಯಿಗಿಟ್ಟುಕೊಳ್ಳುವ ಗಟ್ಟಿ ಪ್ಲಾಸ್ಟಿಕ್ ಆಟಿಕೆ, ಬ್ಯಾಟರಿ ಇಲ್ಲದ್ದಾದರೆ, ಮೇಲಿನ ತಟ್ಟಿನಲ್ಲಿ ಧಾರಾಳವಾಗಿ ಇಡಬಹುದು. ಒಳಗೆ ನೀರು ಹೊಕ್ಕು ಹೊರಬಾರದಂಥ ಪೊಳ್ಳು ರಬ್ಬರ್ ಬಾತುಕೋಳಿ ಮಾತ್ರ ಬೇಡ, ಅದರ ಹೊಟ್ಟೆಯಲ್ಲಿ ಬೂಷ್ಟು ಬೆಳೆಯುತ್ತದೆ. ಫ್ರಿಜ್‌ನ ತರಕಾರಿ ಟ್ರೇ ಹಿಡಿಸಿದರೆ ಹಾಕಿ. ಗಾಜಿನ ಶೆಲ್ಫ್ ಆದರೆ ಫ್ರಿಜ್‌ನಿಂದ ತೆಗೆದ ಕೂಡಲೇ ಬೇಡ, ತಣ್ಣನೆ ಗಾಜು ಬಿಸಿನೀರಿಗೆ ಸೀಳಬಹುದು. ಮಗುವಿನ ಹಾಲಿನ ಬಾಟಲಿ ಬಿಡಿ ಭಾಗಗಳಾಗಿ ಬಿಚ್ಚಿದರೆ ಚೆನ್ನಾಗಿ ತೊಳೆಯುತ್ತದೆ. ಎರಡು ತಿಂಗಳೊಳಗಿನ ಶಿಶು, ಅವಧಿಗೆ ಮುಂಚೆ ಹುಟ್ಟಿದ ಮಗು ಇದ್ದರೆ, ಬರೀ ಎಕೋದಲ್ಲಿ ತೊಳೆದದ್ದನ್ನು ನಂಬಬೇಡಿ. ತೊಳೆದ ಮೇಲೆ ಐದು ನಿಮಿಷ ಕುದಿಸುವುದು ಒಳ್ಳೆಯದು.

ಪಾತ್ರೆ ಉಜ್ಜುವ ಸ್ಪಂಜಿನದು ತಮಾಷೆಯ ಕಥೆ. ಎಲ್ಲವನ್ನೂ ಶುದ್ಧ ಮಾಡುವ ಅದೇ ಅಡುಗೆಮನೆಯ ಅತ್ಯಂತ ಕೊಳಕು ವಸ್ತು. 2017ರಲ್ಲಿ ಜರ್ಮನಿಯ ಸಂಶೋಧಕರು 14 ಬಳಸಿದ ಸ್ಪಂಜುಗಳನ್ನು ನೋಡಿದಾಗ ಕೆಲವು ಕಡೆ ಒಂದು ಘನ ಸೆಂಟಿಮೀಟರ್‌ನಲ್ಲಿ 5,000 ಕೋಟಿಯಷ್ಟು ಬ್ಯಾಕ್ಟೀರಿಯಾ ಕೋಶ ಕಂಡವು. ಡಿಶ್‌ವಾಷರ್ ಇದಕ್ಕೆ ಕೆಲಸಕ್ಕೆ ಬರುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2007ರಲ್ಲಿ ಪರೀಕ್ಷಿಸಿದಾಗ, ಒಣಗಿಸುವ ಹಂತವೂ ಇರುವ ಸರದಿಯಲ್ಲಿ ಸ್ಪಂಜಿನ ಬ್ಯಾಕ್ಟೀರಿಯಾ ಶೇ. 99.9998ರಷ್ಟು ಸತ್ತವು. ಆದರೆ ಉಳಿದ ಒಂದಿಷ್ಟು ಮತ್ತೆ ಒದ್ದೆ ಸ್ಪಂಜಿನಲ್ಲಿ ರಾತ್ರೋರಾತ್ರಿ ಬೆಳೆಯುತ್ತವೆ. ಹತ್ತಿಪ್ಪತ್ತು ರೂಪಾಯಿಯ ಸ್ಪಂಜನ್ನು ಬದಲಿಸುವುದೇ ಸುಲಭ. ನಮ್ಮ ತೆಂಗಿನ ನಾರು ಬೇಗ ಒಣಗುತ್ತದೆ, ಆ ದೃಷ್ಟಿಯಿಂದ ವಾಸಿ.

ಚಿಮಣಿಯ ಜಾಲರಿ ಸ್ಟೀಲಿನದಾದರೆ ಒಂದೇ ಹಾಕಿ, ಇಂಟೆನ್ಸಿವ್ ಒತ್ತಿ. ಮೆಣಸಿನಕಾಯಿ ಬಜ್ಜಿ ಕರಿದ ಎಣ್ಣೆ ಹೊಗೆ ವರ್ಷಗಟ್ಟಲೆ ಕೂತಿದ್ದರೆ ಮೊದಲು ಬಿಸಿನೀರು, ಸೋಡಾದಲ್ಲಿ ನೆನೆಹಾಕಿ ಜಿಡ್ಡು ಇಳಿಸಿಕೊಳ್ಳಬೇಕು. ಅಲ್ಯೂಮಿನಿಯಂ ಜಾಲರಿ, ಅಲ್ಯೂಮಿನಿಯಂ ಪಾತ್ರೆ ಕ್ಷಾರಕ್ಕೆ ಕಪ್ಪಾಗುತ್ತವೆ. ದೋಸೆಯ ಬೀಡಿನ ಹೆಂಚು ಮಷಿನ್‌ಗೆ ಹೋದರೆ ವರ್ಷಗಳಿಂದ ಪಳಗಿದ ಎಣ್ಣೆಯ ಪದರ ಕಳೆದುಕೊಂಡು ಮರುದಿನವೇ ತುಕ್ಕು ಹಿಡಿಯುತ್ತದೆ. ಮುದ್ದೆ ಕೋಲು, ಲಟ್ಟಣಿಗೆ ಸೀಳು ಬಿಡುತ್ತವೆ, ಆ ಸೀಳಿನಲ್ಲಿ ಹಿಟ್ಟು ಸೇರಿ ಹುಳಿಯುತ್ತದೆ. ದೇವರ ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣೇ ಇರಲಿ.

ಟಾಯ್ಲೆಟ್ ಬ್ರಶ್, ಕಸದ ಬುಟ್ಟಿ, ನಾಯಿ ಬೆಕ್ಕಿನ ಮಲದ ಟ್ರೇ, ಪೊರಕೆ, ಮಾಪು ಇವಕ್ಕೆ ಉತ್ತರ ಒಂದೇ: ಬೇಡ. ಇದನ್ನು ಬರೀ ಮಡಿವಂತಿಕೆ ಎಂದು ನಗುವವರು ಆ ಮೂರ್ನಾಲ್ಕು ಲೀಟರ್ ನೀರನ್ನು ನೆನಪು ಮಾಡಿಕೊಂಡರೆ ಸಾಕು.

ಇನ್ನು ಶೂ ತೊಳೆಯುವುದು ಹೇಗೆ? ವಾಸನೆ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ದಾರಿ ತಾನಾಗಿ ಕಾಣುತ್ತದೆ. ಬೆವರಿಗೆ ಸ್ವಂತ ವಾಸನೆ ಹೆಚ್ಚೇನಿಲ್ಲ. ಚರ್ಮದ ಮೇಲಿನ ಸ್ಟಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಬೆವರಿನ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಮುರಿದಾಗ ಐಸೊವಲೆರಿಕ್ ಆಮ್ಲ ಹುಟ್ಟುತ್ತದೆ, ಮೂಗು ಮುಚ್ಚಿಸುವುದು ಅದು. ಈ ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ತೇವ. ಶೂ ಒಣಗಿದರೆ ಅವುಗಳ ಸಂಸಾರ ನಿಂತುಹೋಗುತ್ತದೆ. ಒಣಗಿಸುವ ವಿಷಯದಲ್ಲಿ ನಮ್ಮ ಊರುಗಳಿಗೆ ಯಾವ ಯಂತ್ರವೂ ಸಾಟಿಯಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲವಲ್ಲ!

ಮಣ್ಣನ್ನು ಮೊದಲು ಒಣಗಲು ಬಿಟ್ಟು ಹೊರಗೇ ಕುಟ್ಟಿ ಉದುರಿಸಿ, ಒದ್ದೆ ಎರೆಮಣ್ಣನ್ನು ಉಜ್ಜಿದಷ್ಟೂ ಬಟ್ಟೆಯೊಳಗೆ ಇಳಿಯುತ್ತದೆ. ಲೇಸ್, ಒಳಗಿನ ಅಟ್ಟೆ ತೆಗೆದು ಬೇರೆ ತೊಳೆಯಿರಿ. ಉಗುರುಬೆಚ್ಚಗಿನ ನೀರು, ಸ್ವಲ್ಪ ಬಟ್ಟೆ ಸೋಪು, ಹಳೆಯ ಟೂತ್‌ಬ್ರಶ್ ಸಾಕು. ಕ್ಯಾನ್ವಾಸ್ ಶೂ ಆದರೆ ದಿಂಬಿನ ಕವರಿನೊಳಗೆ ಹಾಕಿ ಬಟ್ಟೆಯ ಮಷಿನ್‌ನಲ್ಲಿ ತಣ್ಣೀರಿಗೆ ತಿರುಗಿಸಬಹುದು, ಡ್ರೈಯರ್ ಬೇಡ. ಒಳಗೆ ಹಳೆಯ ಪೇಪರ್ ತುರುಕಿ, ಗಾಳಿ ಆಡುವ ನೆರಳಲ್ಲಿ ಬಾಯಿ ಮೇಲಾಗಿ ಇಡಿ. ಉರಿಬಿಸಿಲಿನಲ್ಲಿ ಇಡೀ ದಿನ ಬಿಟ್ಟರೆ ಗೋಂದು, ಬಣ್ಣ ಎರಡೂ ಕೆಡುತ್ತವೆ. ಕಾಲಿಗೆ ಹುಳುಕಡ್ಡಿ ಆಗಿದ್ದವರು ಶೂಗಿಂತ ಸಾಕ್ಸ್ ಕಡೆ ಗಮನ ಕೊಡಬೇಕು. ಆ ಶಿಲೀಂಧ್ರ 30 ಡಿಗ್ರಿಯಲ್ಲಿ ಒಗೆದರೆ ಉಳಿಯುತ್ತದೆ, 60 ಡಿಗ್ರಿಯಲ್ಲಿ ಒಗೆದರೆ ಹೋಗುತ್ತದೆ.

ಅಜ್ಜಿ ಊರಿಗೆ ಹೋಗಿದ್ದಾಗ ಹುಡುಗ ಶೂ ತೊಳೆದೇಬಿಟ್ಟಿದ್ದರೆ ಮಷಿನ್ ಎಸೆಯಬೇಕಾಗಿಲ್ಲ. ತಳದ ಜಾಲರಿ ತಿರುಗಿಸಿ ಹೊರತೆಗೆದು ಸೋಪು ಹಾಕಿ ಬ್ರಶ್‌ನಿಂದ ಉಜ್ಜಿ. ಜಾಲರಿಯ ಕೆಳಗಿನ ಗುಂಡಿಯಲ್ಲಿ ಮರಳು ಕೂತಿದ್ದರೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ತಿರುಗುವ ಕೊಳವೆಗಳನ್ನು ಬಿಚ್ಚಿ ನಲ್ಲಿ ಕೆಳಗೆ ಹಿಡಿದರೆ ತೂತುಗಳ ಕಲ್ಲು ಉದುರುತ್ತದೆ. ಬಾಗಿಲ ರಬ್ಬರ್ ಮಡಿಕೆಗಳನ್ನು, ಮುಖ್ಯವಾಗಿ ಕೆಳಗಿನ ಅಂಚನ್ನು, ಸೋಪುನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಆಮೇಲೆ ಮಷಿನ್ ಪುಡಿ ಹಾಕಿ, ಒಳಗೆ ಏನೂ ಇಡದೆ, ಅತಿ ಬಿಸಿಯ ಗುಂಡಿ ಒತ್ತಿ ಒಂದು ಸರದಿ ಓಡಿಸಿ. ಬೋರ್‌ವೆಲ್ ನೀರಿನ ಮನೆಯಾದರೆ ನೀರಿನ ಗಡಸುತನ ತಗ್ಗಿಸಲು ಮಷಿನ್‌ನೊಳಗೇ ಇರುವ ಉಪ್ಪಿನ ಡಬ್ಬಿ ಖಾಲಿಯಾಗಿದೆಯೇ ಎಂದೂ ಆಗಲೇ ನೋಡಿಬಿಡಿ. ಗಡಸು ನೀರಿನ ಸುಣ್ಣ ಹೀಟರ್ ಮೇಲೆ ಕಟ್ಟಿದರೆ ನೀರು ಕಾಯುವುದು ನಿಧಾನವಾಗುತ್ತದೆ. ಅಡುಗೆಯ ಅಯೋಡಿನ್ ಉಪ್ಪಲ್ಲ, ಅದಕ್ಕೆಂದೇ ಮಾರುವ ಹರಳುಪ್ಪು ಹಾಕಬೇಕು. ಬಾಗಿಲನ್ನು ಒಂದೆರಡು ಗಂಟೆ ತೆರೆದಿಟ್ಟು, ಒಳಗೆ ಒಣಗಿದ ಮೇಲೆ ತಟ್ಟೆ ಜೋಡಿಸಬಹುದು.